ಅಜ್ಜಿಯ ಮಡಿ, ಹೊಳೆಯ ಮೊಸಳೆ

ನಾನು ಅಂಜುಬುರುಕಿ ಎಂಬುದನ್ನು ದೇವದುರ್ಗದ ನನ್ನ ಸೋದರಮಾವ ಊರಿಗೆಲ್ಲ ಡಂಗುರ ಸಾರಿಬಿಟ್ಟಿದ್ದ. ಸುಳ್ಳೇನಲ್ಲ. ಒಂಬತ್ತು ವರ್ಷದ ನನಗೆ ಬಾವಿ ಕಂಡರೂ ಭಯ, ಎಮ್ಮೆ ಕಂಡರೂ ಭಯ.

ಅಪ್ಪ ರಾಯಚೂರಿನಲ್ಲಿ ಮಾಸ್ತರರು. ಸಂಕ್ರಾಂತಿಗೆ ಮಾತ್ರ ನಾನೂ ಅವ್ವನೂ ತಪ್ಪದೆ ದೇವದುರ್ಗದ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಅಲ್ಲಿಂದ ಗಾಡಿ ಕಟ್ಟಿಕೊಂಡು ಕೃಷ್ಣೆಗೆ. ಮೈಗೆ ಎಳ್ಳು, ಅರಿಶಿನ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗುವುದು, ಆಮೇಲೆ ಉಸುಕಿನ ಮೇಲೆ ಕೂತು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುವುದು. ಯುದ್ಧದ ಕಾಲ, ಸೀಮೆಎಣ್ಣೆಗೂ ಸಕ್ಕರೆಗೂ ಪರದಾಟ. ಆದರೂ ಹೊಳೆಯ ಊಟ ತಪ್ಪುತ್ತಿರಲಿಲ್ಲ.

ಆ ವರ್ಷ ಗಾಡಿ ದಂಡೆ ಮುಟ್ಟುತ್ತಲೇ ನಾನು "ಮೊಸಳಿ!" ಎಂದು ಕಿರುಚಿದೆ. ನೋಡಿದರೆ ತೇಲಿಬಂದ ಮರದ ಬೊಡ್ಡೆ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದ್ರೂ ಏನಾತು? ನಡುಹೊಳಿ ಬಂಡೆಗಲ್ಲ ಮ್ಯಾಲೆ ಬಿಸಿಲು ಕಾಸ್ಕೋತ ಬಿದ್ದಿರ್ತಾವ. ನಮ್ಮ ಗೊಡವಿಗೆ ಬರಂಗಿಲ್ಲ."

ಅಜ್ಜಿ ಎಲ್ಲರ ಜೊತೆ ಸ್ನಾನ ಮಾಡುವವಳಲ್ಲ. ಮಿಂದು, ಮಡಿಸೀರೆ ಉಟ್ಟು, ದೇವರಿಗೆ ನೈವೇದ್ಯ ಆಗುವವರೆಗೆ ಯಾರೂ ಅವಳನ್ನು ಮುಟ್ಟಕೂಡದು. ಮುಟ್ಟಿದರೆ ಮತ್ತೆ ಸ್ನಾನ. ಹಾಗಾಗಿ ಗುಂಪು ಬಿಟ್ಟು ದಂಡೆಯ ದೊಡ್ಡ ಬಂಡೆಯೊಂದರ ಆಚೆಗೆ ಹೋದಳು. ದಂಡೆಯ ಮೇಲೆ ಹರವಿದ ಅವಳ ಮಡಿಸೀರೆಯನ್ನು ನಾಯಿ, ಕಾಗೆ ಮುಟ್ಟದಂತೆ ಕಾಯುವುದು ನನ್ನ ಕೆಲಸ. ನಾನೂ ಮುಟ್ಟಬಾರದು, ಕೈಯಲ್ಲಿ ಒಂದು ಕೋಲು.

ಅಜ್ಜಿ ಮೂರು ಸಲ ಮುಳುಗಿ, ಸೊಂಟಮಟ್ಟ ನೀರಿನಲ್ಲಿ ಕಣ್ಣು ಮುಚ್ಚಿ ಜಪಕ್ಕೆ ನಿಂತಳು. ಆಗ ನಡುಹೊಳೆಯ ಬಂಡೆಯ ಮೇಲಿಂದ ಬೂದಿಬಣ್ಣದ್ದೊಂದು ಸದ್ದಿಲ್ಲದೆ ನೀರಿಗೆ ಜಾರಿತು.

"ಅಜ್ಜೀ, ಮೊಸಳಿ!"

ಅಜ್ಜಿ ಕಣ್ಣು ತೆರೆಯಲಿಲ್ಲ. ದೂರ ಸರಿ ಎಂದು ಕೈಯಾಡಿಸಿದಳು ಅಷ್ಟೆ. ಕೋಲು ಬಿಸಾಕಿ ನೀರಿಗಿಳಿದೆ, ಅವಳ ಮುಂಗೈ ಹಿಡಿದು ದಂಡೆಗೆ ಎಳೆದುಕೊಂಡು ಬಂದೆ.

"ಮುಟ್ಟಿದೆಲ್ಲಬೇ! ಎಲ್ಲಿ ಅದ ಮೊಸಳಿ? ತೋರ್ಸು!"

ಹೊಳೆ ಕನ್ನಡಿಯಂತೆ ನಿಂತಿತ್ತು. ಅಜ್ಜಿ ಬೈಯುತ್ತ ಮತ್ತೆ ನೀರಿನ ಕಡೆ ತಿರುಗಿದಳು. ಮುಟ್ಟಿದ್ದಕ್ಕೆ ಮತ್ತೆ ಸ್ನಾನ ಮಾಡಲೇಬೇಕಲ್ಲ! ಉಳಿಸಲು ಹೋಗಿ ನಾನೇ ಅವಳನ್ನು ಮೊಸಳೆಯ ಬಾಯಿಗೆ ಕಳಿಸುತ್ತಿದ್ದೆ. ಆದರೆ ಆ ಗಳಿಗೆಯಲ್ಲಿ ಒಂದು ಬುದ್ಧಿ ಹೊಳೆಯಿತು: ನಾನು ಹಿಡಿದುಕೊಂಡಿರುವಷ್ಟು ಹೊತ್ತು ಎಷ್ಟು ಮುಳುಗಿದರೂ ಅವಳಿಗೆ ಮಡಿಯಿಲ್ಲ. ಎರಡೂ ಕೈಯಿಂದ ಅವಳ ಮುಂಗೈ ಅಪ್ಪಿಕೊಂಡು ಉಸುಕಿನಲ್ಲಿ ಕೂತುಬಿಟ್ಟೆ.

ಬೈದಳು, ಗದರಿದಳು, ಅತ್ತಳು ಕೂಡ. ಬಿಡಲಿಲ್ಲ. ಗದ್ದಲ ಕೇಳಿ ಒದ್ದೆ ಪಂಚೆಯಲ್ಲೇ ಓಡಿಬಂದ ಮಾವ ನನ್ನ ಬೆನ್ನಿಗೆ ಎರಡು ಬಾರಿಸಿದ. ಆಗಲೂ ಬಿಡಲಿಲ್ಲ.

ಕೊನೆಗೆ ಅಜ್ಜಿಯೇ ಸೋತಳು. "ಬಿಂದಿಗಿ ತುಂಬ್ಕೊಂಡ್ ಬಾರೋ. ದಂಡಿ ಮ್ಯಾಲೇ ಹಾಕ್ಕೋತೀನಿ. ಇದು ಸಾಯೂತನಕ ಬಿಡೂ ಹುಡುಗಿ ಅಲ್ಲ." ಮಾವ ತುಂಬಿ ತಂದು ಸುರಿದ ಮೇಲೆ ನೈವೇದ್ಯವಾಯಿತು, ಊಟವಾಯಿತು. ಊಟದುದ್ದಕ್ಕೂ ನಗೆಯಾಟ. "ಹೋಳಗ್ಯಾಗ ಮೊಸಳಿ ಅದ, ನೋಡ್ಕೊಂಡ್ ತಿನ್ನು" ಎಂದ ಮಾವ.

ಹೊರಡುವ ಹೊತ್ತಿಗೆ, ಬಂಡೆಯ ಆಚೆ ಒಣಗಲು ಹಾಕಿದ್ದ ಸೀರೆ ತರಲು ಅಜ್ಜಿ ಹೋದಳು. ನಾನೂ ಬೆನ್ನು ಹತ್ತಿದೆ. ಅವಳು ನಿಂತು ಜಪ ಮಾಡಿದ ಜಾಗದ ಎದುರಿಗೇ, ಹಸಿ ಉಸುಕಿನ ಮೇಲೆ ಹೊಟ್ಟೆ ಎಳೆದುಕೊಂಡು ಹೋದ ಅಗಲವಾದ ಗುರುತು, ಎರಡೂ ಬದಿಗೆ ಉಗುರಿನ ಗೀರು. ನೀರಿನಿಂದ ಬಂದು ನೀರಿಗೇ ಹೋಗಿತ್ತು.

ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಕಾಲಿನಿಂದ ಉಸುಕು ಎಳೆದು ಆ ಗುರುತನ್ನು ಅಳಿಸಿಬಿಟ್ಟಳು. "ಹಬ್ಬದ ದಿನ ಅದ. ಯಾರ ಮುಂದೂ ಅನ್ನಬ್ಯಾಡ" ಎಂದಳು. ನನಗೆ ಕೆಟ್ಟ ಸಿಟ್ಟು ಬಂತು. ಈಗಲೂ ಅದು ಪೂರಾ ಹೋಗಿಲ್ಲ. ಏಟು ತಿಂದವಳು ನಾನು!

ಮರುವರ್ಷ ಮಾವ ಗಾಡಿ ಕಟ್ಟಲು ಹೊರಟಾಗ ಅಜ್ಜಿ, "ಈ ಸಲ ಬಾವಿ ನೀರ ಸಾಕು, ಎಲ್ಲಾ ನೀರೂ ಗಂಗೀನ" ಎಂದಳು. "ಈ ಅಂಜುಬುರುಕಿ ಸಲುವಾಗೇನವ್ವಾ?" ಎಂದು ಮಾವ ನನ್ನ ಕಡೆ ನೋಡಿ ನಕ್ಕ. ಎಲ್ಲರೂ ನಕ್ಕರು. ಆಗಷ್ಟೇ ಮಿಂದು ಮಡಿಯಲ್ಲಿ ನಿಂತಿದ್ದ ಅಜ್ಜಿ ನಗಲಿಲ್ಲ. ನನ್ನ ಹತ್ತಿರ ಬಂದು, ಎಲ್ಲರೂ ನೋಡುತ್ತಿರುವಂತೆಯೇ, ನನ್ನ ಕೈ ಹಿಡಿದುಕೊಂಡಳು.