ಎದುರುಗಾಳಿಯಲ್ಲಿ ಅಲೆನ್‌ಗೆ

ಅಮೆರಿಕದ ಜಾರ್ಜ್‌ಟೌನಿನ ನಮ್ಮ ಮನೆಯಿಂದ ಅಲೆನ್‌ನಲ್ಲಿರುವ ನಾದಿನಿಯ ಮನೆಗೆ ಕಾರಿನಲ್ಲಿ ಮೂರು ಗಂಟೆಗೂ ಮಿಕ್ಕಿದ ದಾರಿ. ಮೈಸೂರಿನಿಂದ ಬಂದಿದ್ದ ನನ್ನ ಅತ್ತೆಗೆ ಮಂಡಿನೋವು. ಯುಗಾದಿಗೆ ಮಗಳ ಮನೆಗೆ ಹೋಗಲೇಬೇಕು, ಆದರೆ ಅಷ್ಟು ಹೊತ್ತು ಕಾಲು ಮಡಚಿ ಕೂರುವುದು ಅವರಿಗೆ ಆಗದು.

ಪಕ್ಕದ ಮನೆಯಲ್ಲಿ ಅಮೆರಿಕನ್ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ನಾಲ್ಕು ಸೀಟಿನ ಸ್ವಂತ ವಿಮಾನವನ್ನು ನಮ್ಮೂರಿನ ಸಣ್ಣ ಏರ್‌ಪೋರ್ಟಿನಲ್ಲಿ ಇಟ್ಟುಕೊಂಡಿದ್ದಾರೆ. ಆ ಶನಿವಾರ ಮೊಮ್ಮಗಳನ್ನು ನೋಡಲು ಅಲೆನ್ ಪಕ್ಕದ ಮೆಕಿನ್ನಿಗೆ ಹಾರುತ್ತಿದ್ದೇನೆ, ನೀವಿಬ್ಬರೂ ಬನ್ನಿ ಎಂದರು. ನೂರೆಂಬತ್ತು ಮೈಲಿ, ಒಂದೂವರೆ ಗಂಟೆ. ಆಮೇಲೆ ಸಂಕೋಚಪಟ್ಟುಕೊಂಡು ನಮ್ಮ ತೂಕ ಕೇಳಿದರು. ಸಣ್ಣ ವಿಮಾನದಲ್ಲಿ ಅದನ್ನು ನೋಡಿಯೇ ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡುತ್ತಾರಂತೆ.

"ಇದೇನೇ, ಗಂಡಸರು ಕೇಳೋ ಮಾತಾ?" ಎಂದು ಗೊಣಗುತ್ತಲೇ ಅತ್ತೆ ತೂಕದ ಯಂತ್ರದ ಮೇಲೆ ನಿಂತರು. ಹೋಳಿಗೆ ಡಬ್ಬ, ಸೂಟ್‌ಕೇಸು ಎಲ್ಲವನ್ನೂ ತುಂಬಿಕೊಂಡು ನನ್ನ ಗಂಡ ನಮಗಿಂತ ಒಂದು ಗಂಟೆ ಮೊದಲೇ ಕಾರಿನಲ್ಲಿ ಹೊರಟರು.

ಮೇಷ್ಟರು ಅತ್ತೆಯನ್ನು ಮುಂದೆ ತಮ್ಮ ಪಕ್ಕದಲ್ಲಿ ಕೂರಿಸಿದರು, ನನ್ನನ್ನು ಹಿಂದೆ. ಮಲ್ಲಿಗೆ ಬಣ್ಣದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಹೆಡ್‌ಫೋನ್ ಹಾಕಿಕೊಂಡು ಅತ್ತೆ ಗಂಭೀರವಾಗಿ ಕೂತರು. ವಿಮಾನ ಮೇಲೇರಿದಾಗ ಕಣ್ಣು ಮುಚ್ಚಿದವಳು ನಾನು.

ಅಂದು ಉತ್ತರದಿಂದ, ನಮಗೆ ಎದುರಾಗಿ, ಬಲವಾದ ಗಾಳಿ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಕೆಳಗಿನ ಹೆದ್ದಾರಿ ನೋಡುತ್ತಾ, "ಆ ಕೆಂಪು ಲಾರಿ ಆಗ್ಲಿಂದ ನಮ್ಮ ಜೊತೇಲೇ ಬರ್ತಿದೆಯಲ್ಲೇ" ಎಂದರು. ನಾನದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮೇಷ್ಟರು ನಕ್ಕು, ಇವತ್ತು ಎರಡು ಗಂಟೆ ಮೇಲಾಗುತ್ತದೆ ಎಂದರು. ಆಮೇಲೆ ಅತ್ತೆಯ ಮುಂದಿದ್ದ, ವಿಮಾನ ನಡೆಸುವ ಇನ್ನೊಂದು ಹಿಡಿಕೆಯನ್ನು ತೋರಿಸಿ, ಹಿಡಿಯಿರಿ ಎಂದು ಸನ್ನೆ ಮಾಡಿದರು.

"ಅತ್ತೆ, ಬೇಡ್ವೇನೋ..."

"ನೀನು ಸುಮ್ನಿರು. ಅವರು ಪಕ್ಕದಲ್ಲೇ ಇದ್ದಾರಲ್ಲ."

ಅತ್ತೆ ಸೈಕಲ್ ಕೂಡ ಕಲಿತವರಲ್ಲ. ಕಲಿಯುತ್ತೇನೆಂದಾಗ ಅವರಪ್ಪ ಬಿಟ್ಟಿರಲಿಲ್ಲವಂತೆ. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ತುಟಿ ಬಿಗಿದು ನೇರ ಮುಂದಕ್ಕೆ ನೋಡುತ್ತಾ ಕೂತರು. ವಿಮಾನ ಒಂಚೂರು ಎಡಕ್ಕೆ ವಾಲಿದಾಗ ತಾವಾಗಿಯೇ ಸರಿಮಾಡಿದರು. ಮೇಷ್ಟರು ತಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆದೂಗಿದರು. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅತ್ತೆಯ ಕೆನ್ನೆಯ ಒಂದು ಬದಿ ಮಾತ್ರ. ಅದರಲ್ಲಿ ನಗು ಅರಳುತ್ತಿತ್ತು. ನನ್ನ ಭಯವೂ ಅಷ್ಟರಲ್ಲಿ ಇಳಿದುಹೋಯಿತು.

ಮೆಕಿನ್ನಿಯಿಂದ ನಾದಿನಿ ನಮ್ಮನ್ನು ಕರೆದುಕೊಂಡು ಮನೆ ಮುಟ್ಟಿಸಿದಾಗ ನನ್ನ ಗಂಡ ಕಾಫಿ ಕುಡಿಯುತ್ತಾ ಕೂತಿದ್ದರು.

"ಏನಮ್ಮಾ, ಕಾರೇ ಮೊದಲು ಬಂತು."

"ಬರ್ಲಿ ಬಿಡೋ. ನಿನಗೆ ಡ್ರೈವ್ ಮಾಡೋಕೆ ಬರತ್ತೆ, ನನಗೆ ಪ್ಲೇನ್ ಬಿಡೋಕೆ ಬರತ್ತೆ."

ಮರುದಿನ ಸಂಜೆ ಮೇಷ್ಟರೊಂದಿಗೇ ಹಿಂದಿರುಗಿದೆವು. ಗಾಳಿ ಬೆನ್ನಿಗಿತ್ತು. ಗಂಟೆ ಕಳೆದು ಸ್ವಲ್ಪ ಹೊತ್ತಾಗಿತ್ತಷ್ಟೇ, ಜಾರ್ಜ್‌ಟೌನಿನ ನೀರಿನ ಟ್ಯಾಂಕು ಕಾಣಿಸಿತು. ಅತ್ತೆಗೆ ಅದು ಹಿಡಿಸಲಿಲ್ಲ.

"ಇಷ್ಟು ಬೇಗ ಬಂದುಬಿಟ್ವಾ? ಇನ್ನೊಂದು ಸುತ್ತು ಹಾಕಕ್ಕಾಗತ್ತಾ, ಕೇಳು."

ಕೇಳಿದೆ. ಮೇಷ್ಟರು ಊರಾಚೆಯ ಕೆರೆಯ ಕಡೆ ವಿಮಾನ ತಿರುಗಿಸಿದರು.