ಹುಬ್ಬಳ್ಳಿಗೆ ಒಂದು ತಾಸು

ಹೈದರಾಬಾದಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಒಂದು ತಾಸು ಚಿಲ್ಲರೆ. ಫೋನಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ದೂರ, ಹೊತ್ತು ಎರಡನ್ನೂ ತೋರಿಸುತ್ತದೆ. ಫೋನಿನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ನನ್ನ ಮುಖಕ್ಕೆ ಹಿಡಿಯುವವರ ಮೇಲೆ ಇದೆ.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಮೊದಲು ಅವಳೇ ಹೆಸರು ಹೇಳಬೇಕು. ನನ್ನ ತಮ್ಮನ ಮೊದಲ ಮಗಳಿಗೆ ನಾನು ಹೇಳಬೇಕಿತ್ತು. ತೊಟ್ಟಿಲ ಶಾಸ್ತ್ರ ಗದಗಿನಲ್ಲಿ, ಅವನ ಹೆಂಡತಿಯ ತವರಲ್ಲಿ. ಒಂದು ತಾಸನ್ನು ನಂಬಿ ಅದೇ ದಿನ ಬೆಳಗ್ಗೆ ಹೈದರಾಬಾದಿನ ಮಿಯಾಪುರದ ಮನೆ ಬಿಟ್ಟೆ. ವಿಮಾನ ನಿಲ್ದಾಣ ಊರಿನ ಇನ್ನೊಂದು ತುದಿಗೆ. ಅಲ್ಲಿಗೆ ಮುಟ್ಟುವುದಕ್ಕೇ ಒಂದೂವರೆ ತಾಸು ಹೋಯಿತು. ಆಮೇಲೆ ಸಾಲು, ತಪಾಸಣೆ, ಕಾಯುವುದು. ಇಳಿದ ಮೇಲೆ ಗದಗಿಗೆ ಕಾರು. ನಾನು ಹೊಸ್ತಿಲು ದಾಟಿದಾಗ ಮಂದಿ ಹೋಳಿಗೆ ಉಣ್ಣುತ್ತಿದ್ದರು. ತಮ್ಮನ ಹೆಂಡತಿಯ ತಂಗಿ ಹೆಸರಿಟ್ಟು ಮುಗಿಸಿದ್ದಳು. ತಮ್ಮನ ಮಗಳು ಈಗಲೂ ನನ್ನನ್ನು ‘ಹೈದರಾಬಾದ್ ಆಂಟಿ’ ಅನ್ನುತ್ತಾಳೆ, ಅತ್ತಿ ಅನ್ನುವುದಿಲ್ಲ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಈ ವರ್ಷ ಎರಡನೆಯದು ಹುಟ್ಟಿತು, ಗಂಡು. ತಮ್ಮ ಫೋನ್ ಮಾಡಿದ.

“ಅಕ್ಕಾ, ತೊಟ್ಟಿಲು ಮಧ್ಯಾಹ್ನ ಹನ್ನೆರಡಕ್ಕ ಐತಿ. ಮುಂಜಾನಿ ವಿಮಾನ ಹತ್ತು, ಸಂಜಿಗೆ ವಾಪಸ್ ಹೋಗು. ಬರೇ ಒಂದು ತಾಸು.”

“ನಾ ಹಿಂದಿನ ದಿನಾನ ಬರ್ತೀನಿ.”

“ಒಂದು ತಾಸಿನ ದಾರಿಗೆ ಎರಡು ದಿನ ಯಾಕ? ರಜಾ ಸಿಗಲಿಲ್ಲಂದ್ರ ಬಿಡು, ಇಕಿ ತಂಗಿ ಇದ್ದಾಳಲ್ಲ.”

ಅದೇ ಮಾತು ನನ್ನ ಮೈ ಉರಿಸಿತು. “ಆಕಿನ್ನ ತೊಟ್ಟಿಲ ಹತ್ರ ಬರಾಕ ಬಿಡಬ್ಯಾಡ,” ಅಂದು ಫೋನ್ ಇಟ್ಟೆ.

ಮಾದಾಪುರದ ನಮ್ಮ ಆಫೀಸಿನ ಮ್ಯಾನೇಜರ್ ಕೂಡ ಫೋನ್ ತೆಗೆದು ಅದನ್ನೇ ನೋಡಿದರು. “ಗಂಟೇ ಕದಾ,” ಒಂದೇ ಗಂಟೆ ತಾನೆ ಅಂತ ತೆಲುಗಿನಲ್ಲಿ ನಕ್ಕರು. ಅರ್ಧ ದಿನ ಸಾಕಲ್ಲ ಎಂದರು. ಒಂದು ಗಂಟೆ ವಿಮಾನಕ್ಕೆ ಸಾರ್, ನನಗಲ್ಲ ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ರಜೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ ಎಂದೂ ಸೇರಿಸಿದೆ. ಇಷ್ಟು ವರ್ಷದಲ್ಲಿ ಅವರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು.

ಹಿಂದಿನ ದಿನವೇ ಹೋದೆ. ಮರುದಿನ ತೊಟ್ಟಿಲು ಕಟ್ಟಿದಾಗಿನಿಂದ ಅದರ ಪಕ್ಕ ಬಿಟ್ಟು ಕದಲಲಿಲ್ಲ. ಚಹಾ ಕೂಡ ಅಲ್ಲಿಗೇ ತರಿಸಿಕೊಂಡೆ. ಆ ತಂಗಿ ಇಳಕಲ್ ಸೀರೆಯುಟ್ಟು ಬಂದಳು, ನನ್ನ ಮುಖ ನೋಡಿ ಹಿಂದೆ ಸರಿದಳು. ಪಾಪ ಅನ್ನಿಸಿತು, ಆದರೂ ಜಾಗ ಬಿಡಲಿಲ್ಲ. ಹನ್ನೆರಡಕ್ಕೆ ಬಗ್ಗಿ, ಬೆಚ್ಚಗಿದ್ದ ಆ ಸಣ್ಣ ಕಿವಿಯಲ್ಲಿ ಹೆಸರು ಹೇಳಿದೆ.

ಹೆಸರು ಹೇಳಿದ ಅತ್ತಿಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ವಾಡಿಕೆ. ಗುದ್ದು ಬಿದ್ದವು, ಬಳೆ ಸಮೇತ. ಸಾಕೇನ್ರೀ ಎಂದು ಯಾರೋ ಕೇಳಿದರು.

“ಇನ್ನೂ ಹಾಕ್ರಿ,” ಅಂದೆ. “ದೊಡ್ಡಾಕಿ ತೊಟ್ಟಿಲದ್ದೂ ಸೇರಿಸಿ ಹಾಕ್ರಿ.”