ಮೂರನೇ ನಂಬರಿನ ಮರುಮಾತು

ಹಿಂದೂಪುರದ ಸ್ಟೇಷನ್ ರೋಡಿನಲ್ಲಿ ರೇಣುಕಾಪ್ರಸಾದನದು ಟಿವಿ, ಮಿಕ್ಸಿ ರಿಪೇರಿಯ ಅಂಗಡಿ. ರಿಪೇರಿಗೆ ಕೊಟ್ಟ ಸಾಮಾನು ಬೇಗ ಸಿಗುವುದಿಲ್ಲ, ಆದರೆ ಸಿಕ್ಕಾಗ ಸರಿಯಾಗಿ ಸಿಗುತ್ತದೆ ಎಂದು ಊರಿನಲ್ಲಿ ಹೆಸರು. ನಲವತ್ತೈದರ ಆಸುಪಾಸಿನ ಈ ಮನುಷ್ಯನಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಬಾಗಿಲೊಂದನ್ನು ಮಲಗಿಸಿ, ಅದರ ಮೇಲೆ ಬೆರಳಗಲದ ಹಳಿ ಹಾಸಿ, ಅಂಗೈಯಲ್ಲಿ ಹಿಡಿಸುವ ರೈಲು ಓಡಿಸುವುದು.

ಇಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಪುಟ್ಟ ಚಿಪ್. ಹಳಿಯಲ್ಲಿ ಹರಿಯುವ ಕರೆಂಟಿನ ಜೊತೆಗೇ ಕಂಟ್ರೋಲರಿನ ಅಪ್ಪಣೆಯೂ ಹರಿಯುತ್ತದೆ: ಮೂರನೇ ನಂಬರ್, ವೇಗ ಹತ್ತು. ತನ್ನ ನಂಬರು ಕೇಳಿಸಿಕೊಂಡ ಇಂಜಿನ್ನು ಹೊರಡುತ್ತದೆ. ಇಷ್ಟು ಅವನಿಗೆ ಮೊದಲೇ ಸಿದ್ಧಿಸಿತ್ತು. ಎರಡು ಸಾವಿರದ ಎಂಟರಲ್ಲಿ ಹೊಸದೊಂದು ಡಿಕೋಡರು ಬೆಂಗಳೂರಿನ ಒಬ್ಬ ಹವ್ಯಾಸಿಯಿಂದ ಪೋಸ್ಟಿನಲ್ಲಿ ಬಂತು. ಕಂಟ್ರೋಲರು ಕಣ್ಣೆವೆ ಇಕ್ಕುವಷ್ಟು ಹೊತ್ತೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಸುಮ್ಮನಾಗುತ್ತದಂತೆ. ಆ ಬಿಡುವಿನಲ್ಲಿ ಇಂಜಿನ್ನು ಅದೇ ಹಳಿಯ ಮೇಲೆ ಮರುತ್ತರ ಕಳಿಸುತ್ತದಂತೆ: ನಾನು ಮೂರು, ನನ್ನ ವೇಗ ಇಷ್ಟು. ಇಂಟರ್‌ನೆಟ್ ಸೆಂಟರಿನಲ್ಲಿ ಪ್ರಿಂಟು ತೆಗೆಸಿದ ಹಾಳೆಗಳನ್ನು ನೋಡಿ ನೋಡಿ ರೇಣುಕಾಪ್ರಸಾದ ಆ ಮರುತ್ತರ ಓದುವ ಬೋರ್ಡನ್ನು ತಾನೇ ಕಟ್ಟಿದ. ಕೆಂಪು ಅಂಕಿ ತೋರಿಸುವ ಡಿಸ್ಪ್ಲೇಯನ್ನೂ ಕೂರಿಸಿದ.

ಕಲ್ಯಾಣದುರ್ಗದ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಹರಿತಾ ಹಿಂದೂಪುರದ ತವರಿಗೆ ಬಂದಾಗ ಟಿವಿ ರಿಪೇರಿಗೆಂದು ಅಂಗಡಿಗೆ ಬಂದವಳು ರೈಲು ನೋಡಿದಳು.

“ಇದು ಮಾತಾಡ್ತೈತಾ ಅಣ್ಣಾ?”

“ಆಡ್ತೈತೆ ಕಣಮ್ಮ. ನಾವು ಕೇಳಿದ್ಕೆ ಜವಾಬು ಕೊಡ್ತೈತೆ,” ಅಂದುಬಿಟ್ಟ ರೇಣುಕಾಪ್ರಸಾದ. ಇನ್ನೆರಡು ದಿನದಲ್ಲಿ ಕೊಟ್ಟೇ ಕೊಡುತ್ತದೆ ಎಂಬ ಧೈರ್ಯ ಅವನಿಗೆ.

“ಹಂಗಾದ್ರೆ ನಮ್ಮ ಕಾಲೇಜು ಎಗ್ಜಿಬಿಷನ್‌ಗೆ ತಗೊಂಡ್ ಬಾ ಅಣ್ಣಾ. ಕಲ್ಯಾಣದುರ್ಗಕ್ಕೆ ರೈಲೇ ಇಲ್ಲ. ಜನ ಇದನ್ನಾದ್ರೂ ನೋಡ್ಲಿ.”

ಒಪ್ಪಿಕೊಂಡ. ಅವಳು ಪೋಸ್ಟರು ಹಾಕಿಸಿದಳು. ಆದರೆ ಇಂಜಿನ್ನು ಓಡಿತೇ ಹೊರತು ತುಟಿ ಬಿಚ್ಚಲಿಲ್ಲ. ಬೋರ್ಡನ್ನು ಬಿಚ್ಚಿ ಕಟ್ಟಿದ, ಚಕ್ರ ಉಜ್ಜಿದ, ಬೆಸುಗೆಯನ್ನೆಲ್ಲ ಹೊಸದಾಗಿ ಹಾಕಿದ. ಡಿಸ್ಪ್ಲೇ ಕಪ್ಪಗೇ ಇತ್ತು. ಎಗ್ಜಿಬಿಷನ್ನಿಗೆ ಎರಡು ದಿನವಿದ್ದಾಗ ಫೋನು ಮಾಡಿ “ಆಗ್ಲಿಲ್ಲ ಕಣಮ್ಮ” ಅಂದಿದ್ದರೆ ಮುಗಿಯುತ್ತಿತ್ತು. ಫೋನನ್ನು ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟು, ಹತ್ತು ಗುಂಡಿಗಳ ಒಂದು ಡಬ್ಬಿ ಮಾಡಿದ. ಗುಂಡಿ ಒತ್ತಿದರೆ ಡಿಸ್ಪ್ಲೇಯಲ್ಲಿ ಅಂಕಿ ಬರುತ್ತದೆ. ಒತ್ತುವುದಕ್ಕೆ ಹೆಂಡತಿ ಸುವರ್ಣಮ್ಮನನ್ನು ಕೇಳಿದ.

“ಇದು ಮೋಸ ಅಲ್ಲೇನ್ರೀ?” ಅಂದಳು ಅವಳು.

“ಮೋಸ ಏನು ಬಂತು? ನಿಜವಾಗ್ಲೂ ಇಂಗೇ ಆಗೋದು. ನಾವು ಬರೀ ತೋರಿಸ್ತೀವಿ, ಅಷ್ಟೆ.”

ಅವಳು ಸೀರೆ ಮಡಚಿ ಚೀಲಕ್ಕೆ ಇಟ್ಟುಕೊಂಡಳು.

ಕಾಲೇಜಿನ ಹಾಲಿನಲ್ಲಿ ಮೇಜಿನ ಸುತ್ತ ನೀಲಿ ಬಟ್ಟೆ ಇಳಿಬಿಟ್ಟಿದ್ದರು. ಬಾಗಿಲು ತೆರೆಯುವ ಮೊದಲೇ ಸುವರ್ಣಮ್ಮ ಡಬ್ಬಿ ಹಿಡಿದು ಮೇಜಿನ ಕೆಳಗೆ ಸೇರಿಕೊಂಡಳು. ರೇಣುಕಾಪ್ರಸಾದ ಮೇಲಿನಿಂದ ಗಟ್ಟಿಯಾಗಿ, “ಮೂರನೇ ನಂಬರ್, ಹತ್ತು ಕೊಟ್ಟಿದೀನಿ. ಈಗ ಎಷ್ಟು ವೇಗ?” ಅನ್ನುವನು. ಕೆಂಪಗೆ ಹತ್ತು ಮೂಡುವುದು. ಜನ “ಔನಾ! ಔನಾ!” ಎಂದು ತೆಲುಗಿನಲ್ಲಿ ಬೆರಗಾಗುವರು. ಮೊದಲ ಗಂಟೆಯಲ್ಲಿ ಅವನಿಗೆ ಹೆದರಿಕೆಯಿತ್ತು. ಎರಡನೆಯ ಗಂಟೆಗೆ ಹೆದರಿಕೆ ಹೋಗಿ ಖುಷಿಯೇ ಬಂದಿತ್ತು. ಆಮೇಲೆ ಎಷ್ಟೋ ದಿನ ಅವನನ್ನು ಚುಚ್ಚಿದ್ದು ಆ ಖುಷಿಯೇ.

ಮಧ್ಯಾಹ್ನದ ಹೊತ್ತಿಗೆ ನಾರಮ್ಮ ಬಂದಳು. ಸೆಟ್ಟೂರು ಕಡೆಯ ಹೆಂಗಸು, ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸ, ಅರವತ್ತು ದಾಟಿದೆ. ಹುಟ್ಟಿದಮೇಲೆ ರೈಲು ಹತ್ತಿದವಳಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಬಾಗಿ ನೋಡಿದಳು. ರೈಲು ಮುಂದೆ ಬಂದು ನಿಂತಾಗ ಕೈ ಚಾಚಿ, ಮರಿ ಎತ್ತಿಕೊಳ್ಳುವ ಹಾಗೆ ಇಂಜಿನ್ನನ್ನು ಎತ್ತಿಕೊಂಡುಬಿಟ್ಟಳು.

“ಬೆಚ್ಚಗೈತೆ ಕಣಪ್ಪ!”

ಅದೇ ಹೊತ್ತಿಗೆ ಹಿಂದೆ ನಿಂತಿದ್ದ ಯಾರೋ, “ಸಾರ್, ಹತ್ತು ಕೊಟ್ರೆ ಈಗ ಎಷ್ಟು ವೇಗ?” ಎಂದು ಕೂಗಿದರು. ಬಟ್ಟೆಯ ಒಳಗಿದ್ದ ಸುವರ್ಣಮ್ಮನಿಗೆ ಪ್ರಶ್ನೆ ಕೇಳಿಸಿತು, ನಾರಮ್ಮನ ಕೈ ಕಾಣಲಿಲ್ಲ. ಡಿಸ್ಪ್ಲೇಯಲ್ಲಿ ಹತ್ತು ಹೊತ್ತಿಕೊಂಡಿತು.

“ನನ್ ಕೈಯಾಗಿದ್ಕಂಡೇ ಮಾತಾಡ್ತು! ನೋಡ್ರಪ್ಪಾ, ಇದ್ಕೆ ಜೀವ ಐತೆ!” ನಾರಮ್ಮನ ಕಣ್ಣು ತುಂಬಿಬಂದವು. ಜನ ಚಪ್ಪಾಳೆ ತಟ್ಟಿದರು.

ಹರಿತಾ ಮಾತ್ರ ತಟ್ಟಲಿಲ್ಲ. ಪಕ್ಕಕ್ಕೆ ಬಂದು, ಅವನಿಗಷ್ಟೇ ಕೇಳುವಂತೆ, “ಹಳಿ ಬಿಟ್ಮೇಲೆ ಇಂಜಿನ್‌ಗೆ ಕರೆಂಟೇ ಇರಲ್ಲ ಅಲ್ವಾ ಅಣ್ಣಾ?” ಅಂದಳು.

ಅವನು ತಲೆಯಾಡಿಸಿದ. ಅವಳ ಕಣ್ಣು ಡಿಸ್ಪ್ಲೇಯಿಂದ ಇಳಿದಿದ್ದ ವೈರಿನ ಗುಂಟ ನೀಲಿ ಬಟ್ಟೆಯ ತನಕ ಹೋಗಿ ಅಲ್ಲೇ ನಿಂತಿತು. ಆಮೇಲೆ ಅವಳು ಜನರ ಕಡೆ ತಿರುಗಿ, “ರೈಲಿಗೆ ಸ್ವಲ್ಪ ರೆಸ್ಟು. ಎಲ್ರೂ ಪಕ್ಕದ ರೂಮು ನೋಡ್ಕೊಂಡ್ ಬನ್ನಿ,” ಎಂದು ಕಳಿಸಿದಳು. ಅವನ ಮುಖವನ್ನು ಮತ್ತೆ ನೋಡಲಿಲ್ಲ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಂಜೆ ಪ್ರಿನ್ಸಿಪಾಲರು ಹೊದಿಸಿದ ಶಾಲನ್ನು ಅವನು ಕೂಡಲೇ ತೆಗೆದು ಮಡಚಿದ. ಸಂಜೆಯ ತನಕ ಜನ ಬಂದುಹೋಗುತ್ತಲೇ ಇದ್ದುದರಿಂದ, ಹಾಲು ಪೂರ್ತಿ ಖಾಲಿಯಾದ ಮೇಲೆಯೇ ಸುವರ್ಣಮ್ಮ ಮೇಜಿನ ಕೆಳಗಿನಿಂದ ಹೊರಬಂದಳು. ಕಾಲು ಜೋಮು ಹಿಡಿದು ಒಮ್ಮೆಲೇ ನಿಲ್ಲಲಾಗಲಿಲ್ಲ. ಬಸ್ಸು ಹಿಡಿದು ಇಬ್ಬರೂ ಹಿಂದೂಪುರಕ್ಕೆ ವಾಪಸಾದರು.

ಒಂದು ವಾರ ಹಿಂದಿನ ಕೋಣೆಯ ಬಾಗಿಲನ್ನೇ ಅವನು ತೆಗೆಯಲಿಲ್ಲ. ಕೊನೆಗೆ ಹಾಳೆಗಳನ್ನು ಹರಿದೆಸೆಯೋಣವೆಂದು ಕೂತವನು ಒಂದು ಸಾಲಿನ ಮೇಲೆ ಬೆರಳಿಟ್ಟು ಹಾಗೇ ಉಳಿದ. ಡಿಕೋಡರಿನಲ್ಲಿ ಮರುತ್ತರ ಕೊಡುವುದಕ್ಕೆ ಒಂದು ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಬೇಕು. ಅವನದು ಆಫ್ ಆಗಿತ್ತು. ಆನ್ ಮಾಡುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ರೈಲನ್ನು ಹಳಿಗೆ ಇಟ್ಟು ಹತ್ತು ಕೊಟ್ಟ. ಡಿಸ್ಪ್ಲೇ ಒಮ್ಮೆ ಮಿನುಗಿ ಆರಿತು, ಮತ್ತೆ ಮಿನುಗಿತು: ಮೂರು, ಹತ್ತು. ಬೋರ್ಡು ಮೊದಲಿನಿಂದಲೂ ಸರಿಯಾಗಿತ್ತು. ಕಲ್ಯಾಣದುರ್ಗಕ್ಕೆ ಹೋದ ದಿನವೂ ಸರಿಯಾಗಿತ್ತು.

ಮುಂದಿನ ತಿಂಗಳು ರೈಲು ಹೊತ್ತುಕೊಂಡು ಒಬ್ಬನೇ ಕಲ್ಯಾಣದುರ್ಗಕ್ಕೆ ಹೋದ. ಹರಿತಾಳ ಕ್ಲಾಸಿನ ಎದುರು ನಿಂತು, “ಅವತ್ತು ತೋರಿಸಿದ್ದು ಸುಳ್ಳು. ಕೆಳಗೆ ಕೂತಿದ್ದೋರು ಗುಂಡಿ ಒತ್ತಿದ್ರು. ಇದು ನಿಜ, ನೋಡಿ,” ಅಂದ. ಇಂಜಿನ್ನು ತಡವರಿಸುತ್ತಲೇ ಮರುತ್ತರ ಕೊಟ್ಟಿತು. ಕ್ಲಾಸಿನ ಹುಡುಗ ಹುಡುಗಿಯರು ಮೊದಲು ನಕ್ಕರು, ಆಮೇಲೆ ಪ್ರಶ್ನೆ ಕೇಳತೊಡಗಿದರು. ವಾಪಸು ಕೊಡಲೆಂದು ಅವನು ತಂದಿದ್ದ ಶಾಲನ್ನು ಹರಿತಾ ತೆಗೆದುಕೊಳ್ಳಲಿಲ್ಲ. “ಇಟ್ಕೊಳ್ಳಣ್ಣಾ. ನೀನು ಮತ್ತೆ ಬರ್ತೀಯ ಅಂದ್ಕೊಂಡಿರ್ಲಿಲ್ಲ,” ಅಂದಳು.

ಹೊರಗೆ ಬೇವಿನ ಕೆಳಗೆ ನಾರಮ್ಮ ಕೂತಿದ್ದಳು. ಅವಳಿಗೂ ಹೇಳಲೇಬೇಕಿತ್ತು. ಊರಿಗೆಲ್ಲ ಆ ಇಂಜಿನ್ನಿಗೆ ಜೀವವಿದೆಯೆಂದು ಹೇಳಿಕೊಂಡು ಬಂದಿದ್ದಳಂತೆ. ಅವಳೆದುರು ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ.

ನಾರಮ್ಮ ಪೊರಕೆಯನ್ನು ಪಕ್ಕಕ್ಕಿಟ್ಟಳು. “ಅಂಗಾದ್ರೆ ಒಳಗೆ ಕುಂತಿದ್ದೋರು ಯಾರಪ್ಪ?”

“ನಮ್ಮ ಮನೆಯೋಳು.”

“ಬೆಳಗ್ಗಿಂದ ಸಂಜೆಗಂಟ?”

“ಊಂ.”

“ಅಷ್ಟೊತ್ತು ಅಲ್ಲೇ ಕುಂತಿದ್ಲಲ್ಲ, ಆಯಮ್ಮಂಗೆ ಒಂದ್ ಲೋಟ ನೀರಾದ್ರೂ ಕೊಟ್ಯಾ?”

ರೇಣುಕಾಪ್ರಸಾದ ನೆನಪು ಮಾಡಿಕೊಳ್ಳಲು ನೋಡಿದ. ತಾನು ಎರಡು ಸಲ ಟೀ ಕುಡಿದದ್ದು ನೆನಪಾಯಿತು. ಹರಿತಾ ಊಟ ತರಿಸಿದ್ದು, ಮೇಜಿನ ಪಕ್ಕವೇ ನಿಂತು ಉಂಡದ್ದು ನೆನಪಾಯಿತು.

“ಇಲ್ಲ,” ಅಂದ.

ನಾರಮ್ಮ ಸೆರಗು ಕೊಡವಿ ಎದ್ದು ಕೆಲಸಕ್ಕೆ ಹೋದಳು.

ಮನೆಗೆ ಬಂದಾಗ ಸುವರ್ಣಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. ಕ್ಲಾಸಿನಲ್ಲಿ ನಡೆದದ್ದನ್ನು ಹೇಳಿದ. ನಾರಮ್ಮ ಕೇಳಿದ್ದನ್ನೂ ಬಿಡದೆ ಹೇಳಿದ.

ಅವಳ ಕೈ ಒಂದು ಕ್ಷಣ ನಿಂತಿತು. “ಆಯಮ್ಮ ಕೇಳಿದ್ಲಾ?”

“ಕೇಳಿದ್ಲು.”

“ಯಾವೂರಂತೆ?”

“ಸೆಟ್ಟೂರು ಕಡೆ.”

ಸುವರ್ಣಮ್ಮ ಮತ್ತೆ ಸುಲಿಯತೊಡಗಿದಳು. ಅವನು ಅವಳೆದುರು ಕೂತ, ಒಂದು ಹಿಡಿ ಕಾಯಿ ತನ್ನ ಕಡೆ ಎಳೆದುಕೊಂಡ. ಕ್ಷಮಿಸು ಎಂದು ಹೇಳಲು ಅವನಿಂದಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಕಾಯಿ ಬಿಡಿಸಿದ. ಅವಳು ಮೊರವನ್ನು ಇಬ್ಬರ ನಡುವೆ ಸರಿಸಿದಳು.